ನೋವಿನ ಮಾತ್ರೆ ಮತ್ತು ಮೂತ್ರಪಿಂಡ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳಲ್ಲಿ ಅಡಿಕೆ ಕೊಯ್ಲು ಆರಂಭವಾಯಿತೆಂದರೆ ಮರವೇರುವವರಿಗೆ ತೋಳುನೋವು, ರಾತ್ರಿಯವರೆಗೆ ಕುಳಿತು ಅಡಿಕೆ ಸುಲಿಯುವ ತಾಯಂದಿರಿಗೆ ಸೊಂಟನೋವು ತಪ್ಪಿದ್ದಲ್ಲ. ಕಾಯಕ ನಿಲ್ಲಬಾರದೆಂದು ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ದಿನವೂ ನುಂಗುವವರುಂಟು.

ಮೂತ್ರಪಿಂಡಕ್ಕೆ ರಕ್ತವೊಯ್ಯುವ ನಾಳವನ್ನು ಹಿಗ್ಗಿಸಿಡಲು ನೆರವಾಗುವುದು ಪ್ರೋಸ್ಟಗ್ಲಾಂಡಿನ್ ಎಂಬ ದ್ರವ್ಯ. ನೋವನ್ನು ತೀವ್ರಗೊಳಿಸುವುದೂ ಅದೇ. ಈ ಮಾತ್ರೆಗಳು ಅದರ ಉತ್ಪತ್ತಿಯನ್ನೇ ತಡೆಯುವುದರಿಂದ ನೋವಿನೊಡನೆ ಮೂತ್ರಪಿಂಡದ ರಕ್ತಸಂಚಾರವೂ ಕುಗ್ಗಬಹುದು. ಬೆವರಿ ಬಾಯಾರಿದವರಿಗೆ, ವೃದ್ಧರಿಗೆ, ಮಧುಮೇಹಿಗಳಿಗೆ ಅಪಾಯ ಹೆಚ್ಚು. ಡೈಕ್ಲೋಫೆನಾಕ್ ಪಡೆದಿದ್ದ ದನಗಳ ಕಳೇಬರ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಅಳಿದುದರಿಂದಲೇ 2006ರಲ್ಲಿ ಭಾರತವು ಅದರ ಪಶುಬಳಕೆಯನ್ನು ನಿಷೇಧಿಸಿತು.

ಅರಿಶಿನದ ಕುರ್ಕುಮಿನ್, ಈರುಳ್ಳಿಯ ಕ್ವೆರ್ಸೆಟಿನ್ ಇಂತಹ ಹಾನಿಯನ್ನು ತಗ್ಗಿಸಿದುದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಮನುಷ್ಯರಲ್ಲಿ ಅದು ಸಿದ್ಧಪಟ್ಟಿಲ್ಲ. ಅಡುಗೆಯ ಅರಿಶಿನ ಹಿತವೇ. ಆದರೆ ಅದನ್ನು ನಂಬಿ ಮಾತ್ರೆ ಮುಂದುವರಿಸುವುದು ಅಹಿತ. ಸಸ್ಯವೆಂದ ಮಾತ್ರಕ್ಕೆ ಎಲ್ಲವೂ ಸೌಮ್ಯವಲ್ಲ. ನಾಟಿ ಮದ್ದಿನ ಈಶ್ವರಿ ಬಳ್ಳಿಯ ಕುಲದಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವು ಮೂತ್ರಪಿಂಡವನ್ನೇ ಕೆಡಿಸುತ್ತದೆ. ಬಿಂಬುಳಿಯ ರಸವನ್ನು ಅತಿಯಾಗಿ ಕುಡಿದವರೂ ಆ ಗತಿ ಕಂಡಿದ್ದಾರೆ.

ಆದುದರಿಂದ ಮೊದಲು ವಿಶ್ರಾಂತಿ, ಬಿಸಿಶಾಖ, ಸಾಕಷ್ಟು ನೀರು; ಮಾತ್ರೆ ಅನಿವಾರ್ಯವಾದಲ್ಲಿ ವೈದ್ಯರು ಹೇಳಿದಷ್ಟೇ ದಿನ. ಬಹುಕಾಲ ಸೇವಿಸಿದವರು ರಕ್ತದ ಕ್ರಿಯಾಟಿನಿನ್ ಪರೀಕ್ಷಿಸಿಕೊಳ್ಳುವುದು ಲೇಸು. ಸೊಂಟ ನೊಂದರೆ ತಿಳಿಯುತ್ತದೆ. ಮೂತ್ರಪಿಂಡ ಬಹುಪಾಲು ಕೆಟ್ಟರೂ ಅನೇಕ ವೇಳೆ ತಿಳಿಯುವುದಿಲ್ಲ.