ಸೋಲಲೆಂದೇ ಹೊರಟ ಸೈನ್ಯ

ದೇಶವೊಂದು ದಿವಾಳಿ ಎದ್ದರೆ ಏನು ಮಾಡಬೇಕು? ಅರ್ಥಶಾಸ್ತ್ರದ ಪಠ್ಯಪುಸ್ತಕ ಕೊಡುವ ಉತ್ತರ ನಿಮಗೆ ಗೊತ್ತೇ ಇದೆ. ಖರ್ಚು ಕಡಿತ, ತೆರಿಗೆ ಏರಿಕೆ, ಸಾಲ, ನಾಣ್ಯದ ಅಪಮೌಲ್ಯ. ಐದು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆದರೆ 1959ರಲ್ಲಿ ತೆರೆಕಂಡ 'ದಿ ಮೌಸ್ ದಟ್ ರೋರ್ಡ್' ಎಂಬ ಇಂಗ್ಲಿಷ್ ಚಿತ್ರ ಯಾವ ಪುಸ್ತಕದಲ್ಲೂ ಇಲ್ಲದ ಉಪಾಯವೊಂದನ್ನು ಹೇಳಿಕೊಡುತ್ತದೆ. ಅಮೆರಿಕದ ಮೇಲೆ ಯುದ್ಧ ಸಾರಿ. ಆದಷ್ಟು ಬೇಗ ಸೋತುಬಿಡಿ. ಆಮೇಲೆ ಕೈಚಾಚಿ ನಿಂತುಕೊಳ್ಳಿ.

ಗರ್ಜಿಸಿದ ಇಲಿ ಎಂದು ಹೆಸರಿನ ಅರ್ಥ. ಲಿಯೊನಾರ್ಡ್ ವಿಬರ್ಲಿ ಎಂಬ ಐರಿಷ್ ಮೂಲದ ಲೇಖಕ 1955ರಲ್ಲಿ ಬರೆದ ಕಾದಂಬರಿಯನ್ನು ಜಾಕ್ ಆರ್ನಾಲ್ಡ್ ಚಿತ್ರ ಮಾಡಿದರು. ಕಥೆ ನಡೆಯುವುದು ಆಲ್ಪ್ಸ್ ಪರ್ವತಗಳ ಮಡಿಲಲ್ಲಿರುವ ಗ್ರ್ಯಾಂಡ್ ಫೆನ್ವಿಕ್ ಎಂಬ ಕಲ್ಪಿತ ದೇಶದಲ್ಲಿ. ವಿಸ್ತೀರ್ಣ ಹೇಳಿಕೇಳಿ ಹದಿನೈದು ಚದರ ಮೈಲಿಯ ಆಸುಪಾಸು. ಈ ದೇಶ ಹೊರಗೆ ಮಾರುವುದು ಒಂದೇ ಒಂದು ಸರಕನ್ನು, ತನ್ನ ದ್ರಾಕ್ಷಿ ತೋಟಗಳ ಮದ್ಯವನ್ನು. ಒಂದು ದಿನ ಕ್ಯಾಲಿಫೋರ್ನಿಯಾದ ಕಂಪೆನಿಯೊಂದು ಅದರ ಹೆಸರಿನಲ್ಲಿ ಒಂದಕ್ಷರ ಕಡಿಮೆ ಮಾಡಿ, ಅಗ್ಗದ ನಕಲನ್ನು ಮಾರುಕಟ್ಟೆಗೆ ಬಿಡುತ್ತದೆ. ಫೆನ್ವಿಕ್ಕಿನ ಬೊಕ್ಕಸ ಬರಿದಾಗುತ್ತದೆ. ಆಗ ಪ್ರಧಾನಿಗೆ ಹೊಳೆಯುವುದು ಈ ಮಹಾ ಉಪಾಯ. ಅಮೆರಿಕನ್ನರೊಡನೆ ಯುದ್ಧ ಮಾಡಿ ಸೋತವರಷ್ಟು ಲಾಭ ಮಾಡಿಕೊಂಡವರು ಬೇರೆ ಯಾರಿದ್ದಾರೆ ಎಂಬುದು ಆತನ ಲೆಕ್ಕಾಚಾರ.

ಇದು ಬರೀ ತಮಾಷೆಯಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ 1948ರಿಂದ ಸುಮಾರು ನಾಲ್ಕು ವರ್ಷ ಅಮೆರಿಕ ಮಾರ್ಷಲ್ ಯೋಜನೆಯ ಹೆಸರಿನಲ್ಲಿ ಪಶ್ಚಿಮ ಯೂರೋಪಿಗೆ ಸುಮಾರು 1,300 ಕೋಟಿ ಡಾಲರ್ ಸುರಿಯಿತು. ಅದರಲ್ಲಿ ಸೋತ ಜರ್ಮನಿಗೂ ಪಾಲಿತ್ತು. ಅತ್ತ ಜಪಾನಿಗೂ ಬೇರೆ ದಾರಿಯಿಂದ ನೆರವು ಹೋಯಿತು. ವಿಬರ್ಲಿಯ ಕಣ್ಣಿಗೆ ಬಿದ್ದದ್ದು ಈ ವಿಚಿತ್ರ.

ಸರಿ, ಯುದ್ಧ ಸಾರುವ ಪತ್ರ ಹೋಗುತ್ತದೆ. ವಾಷಿಂಗ್ಟನ್ನಿನ ಅಧಿಕಾರಿಗಳು ಇದು ಯಾರದೋ ಕೀಟಲೆ ಎಂದು ಬದಿಗೆ ಸರಿಸುತ್ತಾರೆ. (ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟು ಕಾದ ಅನುಭವವಿರುವ ಅಪ್ಪಂದಿರು ಇಲ್ಲಿ ಮಕ್ಕಳಿಗಿಂತ ಹೆಚ್ಚು ನಗುತ್ತಾರೆ.) ಇಪ್ಪತ್ತು ಮಂದಿ ಬಿಲ್ಲುಗಾರರು ಉಕ್ಕಿನ ಬಳೆಯಂಗಿ ತೊಟ್ಟು, ಸಣ್ಣ ಹಡಗೊಂದರಲ್ಲಿ ಅಟ್ಲಾಂಟಿಕ್ ದಾಟಿ, ಶರಣಾಗಲು ನ್ಯೂಯಾರ್ಕಿಗೆ ಬರುತ್ತಾರೆ. ಬಂದು ನೋಡಿದರೆ ಊರೆಲ್ಲ ಖಾಲಿ! ಅಣುಬಾಂಬು ದಾಳಿಯಾದರೆ ಹೇಗೆ ಬಚ್ಚಿಟ್ಟುಕೊಳ್ಳಬೇಕು ಎಂಬ ಅಭ್ಯಾಸಕ್ಕಾಗಿ ಜನರೆಲ್ಲ ನೆಲಮಾಳಿಗೆ ಸೇರಿದ್ದಾರೆ. ಶರಣಾಗೋಣವೆಂದರೆ ಕೈಹಿಡಿಯುವವರೇ ಇಲ್ಲ. ದಾರಿ ತಪ್ಪಿದ ಈ ದಂಡು ಒಬ್ಬ ವಿಜ್ಞಾನಿಯನ್ನೂ, ಅವನ ಮಗಳನ್ನೂ, ಅವನು ಆಗಷ್ಟೇ ಕಂಡುಹಿಡಿದ ಫುಟ್‌ಬಾಲಿನಷ್ಟು ದೊಡ್ಡ ಕ್ಯೂ-ಬಾಂಬನ್ನೂ ಹಿಡಿದುಕೊಂಡು ಊರಿಗೆ ಹಿಂತಿರುಗುತ್ತದೆ. ಸೋಲಲು ಹೋದವರು ಗೆದ್ದು ಬಂದರು. ಪ್ರಧಾನಿಯ ತಲೆಯ ಮೇಲೆ ಸಿಡಿಲು ಬಿದ್ದಂತಾಗುತ್ತದೆ. ಮುಂದೇನಾಯಿತು, ಬಾಂಬು ಸಿಡಿಯಿತೇ ಎಂಬುದನ್ನು ಹೇಳಿದರೆ ನೋಡುವವರಿಗೆ ಅನ್ಯಾಯವಾದೀತು.

ಪಾತ್ರವರ್ಗದ ವಿಷಯಕ್ಕೆ ಬರೋಣ. ಚಿತ್ರವನ್ನು ಹೊತ್ತು ನಿಂತವರು ಪೀಟರ್ ಸೆಲರ್ಸ್. ಅವರಿಗೆ ಇಲ್ಲಿ ಮೂರು ವೇಷ. ದೇಶವಾಳುವ ಮುದಿ ಡಚೆಸ್ ಗ್ಲೋರಿಯಾನಾ ಅವರೇ, ಕುತಂತ್ರಿ ಪ್ರಧಾನಿ ಮೌಂಟ್‌ಜಾಯ್ ಅವರೇ, ಅಂಜುಬುರುಕ ದಂಡನಾಯಕ ಟಲ್ಲಿ ಬಾಸ್ಕಂ ಕೂಡ ಅವರೇ. ತ್ರಿಪಾತ್ರವೆಂದರೆ ನಮ್ಮ ಮನೆಗಳಲ್ಲಿ ಹಿರಿಯರಿಗೆ 1978ರ 'ಶಂಕರ್ ಗುರು' ನೆನಪಾಗಬೇಕು. ಅಲ್ಲಿ ರಾಜ್‌ಕುಮಾರ್ ತಂದೆಯೂ ಆಗಿ ಇಬ್ಬರು ಮಕ್ಕಳೂ ಆಗಿ ಮೂವರನ್ನೂ ನಾವು ಮೆಚ್ಚುವಂತೆ ಮಾಡಿದರು. ಸೆಲರ್ಸ್ ಮಾಡುವುದು ಇದಕ್ಕೆ ವಿರುದ್ಧವಾದ ಕೆಲಸ. ಅರಸಿ, ಮಂತ್ರಿ, ಸೇನಾಪತಿ ಮೂವರ ಮುಖವೂ ಒಂದೇ ಆದಾಗ, ಆಳುವವರೆಲ್ಲ ಒಂದೇ ಅಚ್ಚಿನ ಬೊಂಬೆಗಳಲ್ಲವೇ ಎಂಬ ಅನುಮಾನ ಬಾಯಿಬಿಟ್ಟು ಹೇಳದೆಯೇ ನೋಡುವವರ ತಲೆ ಹೊಗುತ್ತದೆ. ಡಚೆಸ್ಸಿನ ವೇಷ ನನಗಂತೂ ಸ್ವಲ್ಪ ಅತಿ ಎನಿಸಿತು. ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕೆಂದು ಹಟ ಹಿಡಿದ ನಟ ನಮ್ಮ ಬಳ್ಳಾರಿ ರಾಘವರು. 1946ರಲ್ಲೇ ತೀರಿಕೊಂಡ ಅವರು ಇದನ್ನು ನೋಡಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದರೇನೋ. 1963ರಲ್ಲಿ ಇದೇ ಫೆನ್ವಿಕ್ ದೇಶ ಚಂದ್ರಲೋಕಕ್ಕೆ ಹೋಗುವ ಇನ್ನೊಂದು ಚಿತ್ರ ಬಂದಾಗ ಡಚೆಸ್ ಆದವರು ಮಾರ್ಗರೆಟ್ ರುದರ್‌ಫರ್ಡ್ ಎಂಬ ನಟಿ. ಅದರಲ್ಲಿ ಸೆಲರ್ಸ್ ಇಲ್ಲ, ಹಾಗಾಗಿ ಕಳೆಯೂ ಕಡಿಮೆ.

ಸೆಲರ್ಸ್ 1964ರ 'ಡಾಕ್ಟರ್ ಸ್ಟ್ರೇಂಜ್‌ಲವ್' ಚಿತ್ರದಲ್ಲಿ ಮತ್ತೆ ಮೂರು ವೇಷ ಹಾಕಿದರು. ಅಲ್ಲಿಯೂ ವಸ್ತು ಅಣುಬಾಂಬೇ, ಆದರೆ ಆ ನಗೆ ಕಹಿಯಾದದ್ದು; ಸಣ್ಣ ಮಕ್ಕಳಿಗಲ್ಲ. 'ಇಲಿ'ಯ ವಿಜ್ಞಾನಿ ಡೇವಿಡ್ ಕಾಸಫ್. ಅವನ ಮಗಳಾಗಿ ಜೀನ್ ಸೀಬರ್ಗ್. ಮರುವರ್ಷವೇ ಗೊದಾರ್ ನಿರ್ದೇಶನದ 'ಬ್ರೆತ್‌ಲೆಸ್' ಎಂಬ ಫ್ರೆಂಚ್ ಚಿತ್ರದಿಂದ ಜಗತ್ಪ್ರಸಿದ್ಧಳಾದ ಈ ನಟಿಗೆ ಇಲ್ಲಿ ಕೋಪಿಸಿಕೊಳ್ಳುವುದು, ಆಮೇಲೆ ಪ್ರೀತಿಸುವುದು, ಎರಡೇ ಕೆಲಸ. ಸೇನಾನಿಯೂ ಅವಳೂ ಒಲಿಯುವ ಭಾಗ ಸಪ್ಪೆ. ಚಿತ್ರ ಕುಂಟುವುದು ಅಲ್ಲೇ. ಬಿಲ್ಲುಗಾರರ ಮುಖಂಡನಾಗಿ ಬರುವ ವಿಲಿಯಂ ಹಾರ್ಟ್‌ನೆಲ್ 1963ರಲ್ಲಿ ಬಿಬಿಸಿಯ 'ಡಾಕ್ಟರ್ ಹೂ' ಧಾರಾವಾಹಿಯ ಮೊದಲ ಡಾಕ್ಟರ್ ಆದರು.

ಇದಕ್ಕೂ ಮುಂಚೆ, 1933ರಲ್ಲಿ, ಮಾರ್ಕ್ಸ್ ಸಹೋದರರ 'ಡಕ್ ಸೂಪ್' ಎಂಬ ಚಿತ್ರದಲ್ಲೂ ಫ್ರೀಡೋನಿಯಾ ಎಂಬ ದಿವಾಳಿ ದೇಶವೊಂದಿತ್ತು. ಅಲ್ಲಿ ಒಬ್ಬ ಶ್ರೀಮಂತ ವಿಧವೆ ಸಾಲ ಕೊಡಲು ಒಪ್ಪುತ್ತಾಳೆ, ಆದರೆ ತಾನು ಹೇಳಿದವನನ್ನೇ ದೇಶದ ಮುಖಂಡನನ್ನಾಗಿ ಮಾಡಬೇಕೆಂಬ ಷರತ್ತು. ಸಾಲದ ಜೊತೆಗೆ ಷರತ್ತು ಬರುತ್ತದೆ ಎಂಬ ಪಾಠವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದವರು ಇಲ್ಲ.

ಇದನ್ನೆಲ್ಲ ಹೊಸಪೇಟೆ, ಸಂಡೂರು, ಕಂಪ್ಲಿಯ ಮಕ್ಕಳಿಗೆ ಯಾಕೆ ಹೇಳಬೇಕು? ಹೇಳಬೇಕಾದದ್ದೇ ಅವರಿಗೆ. ಸೋತವನಿಗೆ ಏನು ಸಿಗುತ್ತದೆ ಎಂಬ ಪ್ರಶ್ನೆಗೆ ಈ ಸೀಮೆಯ ಕಲ್ಲುಗಳೇ ಬೇರೆ ಉತ್ತರ ಕೊಡುತ್ತವೆ. ಕಂಪ್ಲಿಯ ಕಂಪಿಲರಾಯನ ರಾಜ್ಯ ದೆಹಲಿಯ ಎದುರು ಒಂದು ಇಲಿಯೇ ಸರಿ. ಸುಲ್ತಾನ ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಬಹಾವುದ್ದೀನ್ ಗುರ್ಶಾಸ್ಪ್ ಎಂಬ ಸಂಬಂಧಿಕ ಓಡಿಬಂದಾಗ ಕಂಪಿಲರಾಯ ಆಶ್ರಯ ಕೊಟ್ಟ. ಕೊಟ್ಟ ಮಾತಿಗೆ ತಪ್ಪಲಿಲ್ಲ. 1327ರಲ್ಲಿ ದೆಹಲಿಯ ಸೈನ್ಯ ಬಂತು, ರಾಜನೂ ಹೋದ, ರಾಜ್ಯವೂ ಹೋಯಿತು. ಸೋತವರಿಗೆ ದೆಹಲಿಯಿಂದ ನೆರವೇನೂ ಬರಲಿಲ್ಲ. ಇನ್ನು ಹಂಪಿ. 1565ರ ಜನವರಿಯಲ್ಲಿ ರಕ್ಕಸಗಿ–ತಂಗಡಗಿಯ ಯುದ್ಧ ಸೋತ ಮೇಲೆ, ರಾಮರಾಯನ ತಮ್ಮ ತಿರುಮಲ ಬೊಕ್ಕಸವನ್ನು ನೂರಾರು ಆನೆಗಳ ಮೇಲೆ ಹೇರಿಕೊಂಡು ಪೆನುಕೊಂಡೆಗೆ ಹೋದನೆಂದು ಚರಿತ್ರೆಕಾರರು ಬರೆಯುತ್ತಾರೆ. ಉಳಿದ ಊರಿನ ಗತಿಯನ್ನು ನೀವು ಶಾಲೆಯ ಪ್ರವಾಸದಲ್ಲಿ ನೋಡಿಯೇ ಇದ್ದೀರಿ. ಮೌಂಟ್‌ಜಾಯ್ ಪ್ರಧಾನಿಯ ಲೆಕ್ಕಾಚಾರ 1948ಕ್ಕೆ ಮುಂಚೆ ಜಗತ್ತಿನ ಯಾವ ಮೂಲೆಯಲ್ಲೂ ನಡೆಯುವಂಥದಾಗಿರಲಿಲ್ಲ.

ಗೆದ್ದ ತುಘಲಕನ ಕಥೆ ಇನ್ನೂ ಸ್ವಾರಸ್ಯ. ಕಂಪ್ಲಿಯನ್ನು ನುಂಗಿದ ಎರಡು ಮೂರು ವರ್ಷಗಳಲ್ಲಿ ಅವನು ಬೆಳ್ಳಿಯ ಟಂಕದ ಬೆಲೆಯೇ ತಾಮ್ರ, ಹಿತ್ತಾಳೆಯ ನಾಣ್ಯಕ್ಕೂ ಎಂದು ಆಜ್ಞೆ ಹೊರಡಿಸಿದ. ಮನೆಮನೆಯಲ್ಲೂ ಟಂಕಸಾಲೆ ಶುರುವಾಯಿತು. ಕೊನೆಗೆ ಆ ನಾಣ್ಯಗಳನ್ನು ವಾಪಸು ಪಡೆದು ಬೊಕ್ಕಸದಿಂದ ಬೆಳ್ಳಿ, ಬಂಗಾರ ಎಣಿಸಿಕೊಡಬೇಕಾಯಿತು. ಗಿರೀಶ ಕಾರ್ನಾಡರು 1964ರ 'ತುಘಲಕ್' ನಾಟಕದಲ್ಲಿ ಖೋಟಾ ನಾಣ್ಯ ಮಾಡುವ ಅಜೀಜ್ ಮತ್ತು ಅವನ ಗೆಳೆಯ ಆಜಮ್‌ರನ್ನು ಹಾಸ್ಯದ ಜೋಡಿಯಾಗಿಸಿದ್ದಾರೆ. ನಾಟಕ ದುರಂತ, ಆದರೆ ಆ ಜೋಡಿ ಬಂದಾಗ ಸಭೆ ನಗುತ್ತದೆ. ನಾಣ್ಯವೆಂದರೆ ಲೋಹವಲ್ಲ, ನಂಬಿಕೆ ಎಂಬುದು ನಗುನಗುತ್ತಲೇ ಅರ್ಥವಾಗುತ್ತದೆ.

ಮತ್ತೆ ಫೆನ್ವಿಕ್ಕಿಗೆ. ಸಂಡೂರು ಕೂಡ ಒಂದು ಕಾಲಕ್ಕೆ ತನ್ನದೇ ಅರಸರಿದ್ದ ಪುಟ್ಟ ಸಂಸ್ಥಾನ. ಸುಮಾರು 160 ಚದರ ಮೈಲಿ. ಘೋರ್ಪಡೆ ಮನೆತನದ ಆಳ್ವಿಕೆ. 1949ರಲ್ಲಿ ಅದು ಭಾರತದ ಒಕ್ಕೂಟದಲ್ಲಿ ಲೀನವಾಗಿ ಆಗಿನ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತು. 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಅದೇ ಮನೆತನದ ಎಂ.ವೈ. ಘೋರ್ಪಡೆ ದೇವರಾಜ ಅರಸರ ಸಂಪುಟದಲ್ಲಿ ರಾಜ್ಯದ ಹಣಕಾಸು ಮಂತ್ರಿಯಾಗಿದ್ದರು. ಫೆನ್ವಿಕ್ಕಿಗೆ ದ್ರಾಕ್ಷಿ, ಸಂಡೂರಿಗೆ ಅದಿರು. ಇದನ್ನು ಹೋಲಿಕೆಗಾಗಿ ಹೋಲಿಕೆ ಎಂದುಕೊಳ್ಳಬೇಡಿ. ಒಂದೇ ಸರಕನ್ನು ನೆಚ್ಚಿದ ಊರಿನ ಜುಟ್ಟು ಆ ಸರಕನ್ನು ಕೊಳ್ಳುವವನ ಕೈಯಲ್ಲಿರುತ್ತದೆ.

ಈ ಶತಮಾನದ ಮೊದಲ ದಶಕದಲ್ಲಿ ಚೀನಾಕ್ಕೆ ಕಬ್ಬಿಣದ ಹಸಿವು ಹುಟ್ಟಿದಾಗ ಇಲ್ಲಿ ನಡೆದದ್ದನ್ನು ಅಪ್ಪ ಅಮ್ಮಂದಿರು ಬಲ್ಲರು. ಜೋಳ, ಶೇಂಗಾ ಬೆಳೆಯುತ್ತಿದ್ದ ಹೊಲಗಳನ್ನೂ ಅದಿರಿಗಾಗಿ ಅಗೆದರು. ಸಾಲ ಮಾಡಿ ಲಾರಿ ಕೊಂಡವರೆಷ್ಟೋ ಮಂದಿ. ಹೊಸಪೇಟೆಯ ರಸ್ತೆಯ ಬದಿಯ ಮರಗಳೆಲ್ಲ ಕೆಂಪಾದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಅಕ್ರಮ ಅಷ್ಟು ಮಿತಿಮೀರಿತ್ತು, ನಿಲ್ಲಿಸಬೇಕಾಗಿತ್ತು. ಆದರೆ ಮರುದಿನದಿಂದ ಮನೆಯ ಮುಂದೆ ನಿಂತ ಲಾರಿಯ ಕಂತು ನಿಲ್ಲಲಿಲ್ಲ. 2013ರ ಏಪ್ರಿಲಿನಲ್ಲಿ ಕೋರ್ಟು ಅತಿ ಹೆಚ್ಚು ಅಕ್ರಮವೆಸಗಿದ ಗಣಿಗಳ ಗುತ್ತಿಗೆ ರದ್ದುಪಡಿಸಿ, ಉಳಿದವಕ್ಕೆ ಮಿತಿ ಹಾಕಿ ಮತ್ತೆ ಅನುಮತಿ ಕೊಟ್ಟಿತು. ಈ ಮಧ್ಯದ ದಿನಗಳಲ್ಲಿ ಕಾಲೇಜು ಬಿಟ್ಟ ಹುಡುಗರ ಲೆಕ್ಕ ಯಾವ ಬಜೆಟ್ಟಿನಲ್ಲೂ ಬರಲಿಲ್ಲ.

ಫೆನ್ವಿಕ್ಕಿನ ಮಂತ್ರಿ ನಿಜಕ್ಕೂ ಮಾಡಬೇಕಾಗಿದ್ದದ್ದು ಯುದ್ಧವಲ್ಲ, ತನ್ನ ಮದ್ಯದ ಹೆಸರಿಗೆ ರಕ್ಷಣೆ. ನಮ್ಮಲ್ಲಿ ಅದಕ್ಕೆ ಕಾನೂನಿದೆ. ಭೌಗೋಳಿಕ ಗುರುತಿನ ಕಾಯಿದೆ 1999ರಲ್ಲಿ ಆಯಿತು, 2003ರಲ್ಲಿ ಜಾರಿಗೆ ಬಂತು. ಒಂದು ಊರಿನ ಹೆಸರಿನಿಂದ ಪ್ರಸಿದ್ಧವಾದ ಸರಕನ್ನು ಬೇರೆಯವರು ಅದೇ ಹೆಸರಿನಲ್ಲಿ ಮಾರುವಂತಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಆ ಗುರುತು ಸಿಕ್ಕಿದೆ. 2023ರ ಜುಲೈನಲ್ಲಿ ಶ್ರೀಮಂತ ರಾಷ್ಟ್ರಗಳ ಪ್ರತಿನಿಧಿಗಳೂ ಸೇರಿದ್ದ ಜಿ-20ರ ಸಂಸ್ಕೃತಿ ಸಭೆ ಹಂಪಿಯಲ್ಲಿ ನಡೆದಾಗ, ಸಂಡೂರು ಸೀಮೆಯ ನಾನೂರೈವತ್ತಕ್ಕೂ ಹೆಚ್ಚು ಹೆಂಗಸರು ಹೊಲಿದ ಕಸೂತಿಯ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಕಸೂತಿ ಅದಿರಿನಷ್ಟು ಹಣ ತರಲಾರದು, ನಿಜ. ಆದರೆ ಅದನ್ನು ಅಗೆದು ಮುಗಿಸುವುದಕ್ಕಾಗುವುದಿಲ್ಲ.

ದಿವಾಳಿಯ ಅಂಚಿಗೆ ಹೋಗುವುದು ಇಲಿಯಂಥ ದೇಶಗಳು ಮಾತ್ರವಲ್ಲ. 1991ರಲ್ಲಿ ಭಾರತದ ಬಳಿ ಉಳಿದಿದ್ದ ವಿದೇಶೀ ಹಣ ಎರಡು ಮೂರು ವಾರಗಳ ಆಮದಿಗಷ್ಟೇ ಸಾಕಾಗುವಂತಿತ್ತು. ಆ ಜುಲೈನಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಬಂಗಾರವನ್ನು ಹೊರದೇಶದಲ್ಲಿ ಅಡವಿಟ್ಟು ಸಾಲ ತಂದಿತು. ಮಗಳ ಮದುವೆಗೋ ಬಿತ್ತನೆ ಬೀಜಕ್ಕೋ ಬಂಗಾರ ಅಡವಿಟ್ಟ ಮನೆಯವರಿಗೆ ಆ ಸುದ್ದಿಯನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. 2022ರಲ್ಲಿ ಶ್ರೀಲಂಕಾ ವಿದೇಶೀ ಸಾಲ ಕಟ್ಟುವುದನ್ನೇ ನಿಲ್ಲಿಸಿತು. ಜನ ಅಧ್ಯಕ್ಷರ ಬಂಗಲೆಗೆ ನುಗ್ಗಿ ಅಲ್ಲಿನ ಈಜುಕೊಳದಲ್ಲಿ ಈಜಾಡಿದರು. ಆ ದೃಶ್ಯವನ್ನು ಜಾಕ್ ಆರ್ನಾಲ್ಡ್ ತಮ್ಮ ಚಿತ್ರದಲ್ಲಿ ಇಟ್ಟಿದ್ದರೆ ಅತಿಶಯೋಕ್ತಿ ಎನ್ನುತ್ತಿದ್ದೆವು.

ಚಿತ್ರ ಒಂದೂವರೆ ಗಂಟೆಯೂ ಇಲ್ಲ. ಮನೆಮಂದಿಯೆಲ್ಲ ಕೂತು ನೋಡಬಹುದು. ಇಂಗ್ಲಿಷ್ ಉಚ್ಚಾರಣೆ ಮೊದಲ ಹತ್ತು ನಿಮಿಷ ಕಿವಿಗೆ ಸಿಕ್ಕದಿದ್ದರೆ ಗಾಬರಿ ಬೇಡ, ಕಥೆ ಕಣ್ಣಿಗೇ ತಿಳಿಯುತ್ತದೆ. ಅರ್ಥಶಾಸ್ತ್ರದ ಮೇಷ್ಟ್ರುಗಳಿಗೆ ಒಂದು ಸೂಚನೆ. ಶಾಲಾ ವಾರ್ಷಿಕೋತ್ಸವಕ್ಕೆ ಪ್ರತಿವರ್ಷ ಅದೇ ನಾಟಕ ಆಡಿಸಿ ಬೇಸತ್ತಿದ್ದರೆ ಈ ಕಥೆಯ ಎಳೆ ಹಿಡಿದು ಮಕ್ಕಳಿಂದಲೇ ಒಂದು ಪ್ರಹಸನ ಬರೆಯಿಸಿ. ದೇಶದ ಹೆಸರು, ಅದು ಮಾರುವ ಒಂದೇ ಸರಕು, ಅದು ದಿವಾಳಿಯಾದ ಕಾರಣ, ಇಷ್ಟನ್ನು ಅವರೇ ಆರಿಸಲಿ. ಇಪ್ಪತ್ತು ಬಿಲ್ಲುಗಾರರಿರುವುದರಿಂದ ನನ್ನ ಮಗನಿಗೆ ಪಾತ್ರ ಸಿಗಲಿಲ್ಲವೆಂದು ಯಾವ ತಾಯಿಯೂ ದೂರಲಾರಳು. ಡಚೆಸ್ಸಿನ ಪಾತ್ರ ಹುಡುಗಿಗೇ ಕೊಡಿ, ರಾಘವರ ಮಾತು ನಡೆಯಲಿ. ಬಾಂಬಿಗೆ ಗಾಳಿ ಹೋದ ಹಳೆಯ ಫುಟ್‌ಬಾಲು ಸಾಕು.