ನೆಲಮಾಳಿಗೆಯ ಗಿಟಾರು

ವೆಸ್ಟ್ ಬ್ಲೂಮ್‌ಫೀಲ್ಡ್‌ನ ಕನ್ನಡ ಮನೆಗಳ ಬೇಸ್‌ಮೆಂಟುಗಳಲ್ಲಿ ವೀಣೆಗಿಂತ ಎಲೆಕ್ಟ್ರಿಕ್ ಗಿಟಾರೇ ಹೆಚ್ಚು ಕೇಳಿಸುತ್ತದೆಂದು ಹಿರಿಯರು ಗೊಣಗುವುದುಂಟು. ನಾವು ಅದಕ್ಕೆ ದನಿಗೂಡಿಸುವುದಿಲ್ಲ. ರಾಜ್ಯೋತ್ಸವದಂದು ಭಾವಗೀತೆಗೆ ಜೊತೆ ಕೊಡುವವರು ಆ ಗಿಟಾರಿನ ಮಕ್ಕಳೇ. ಹೈಸ್ಕೂಲು ಮುಗಿದೊಡನೆ ಆನ್ ಆರ್ಬರಿಗೋ ಈಸ್ಟ್ ಲ್ಯಾನ್ಸಿಂಗಿಗೋ ಗಂಟುಮೂಟೆ ಕಟ್ಟುವವರೂ ಅವರೇ. ಹೊರಡುವ ಮುಂಚೆ ನಾಲ್ಕು ಹಾಡು ಮುದ್ರಿಸಿಟ್ಟುಕೊಳ್ಳಿ ಎಂಬುದು ಈ ಸಲದ ನಮ್ಮ ಬಿನ್ನಹ.

ಸ್ಟುಡಿಯೋ ಎಲ್ಲಿಂದ ತರುವುದು ಎನ್ನಬೇಡಿ. ಇಲ್ಲೇ ಡೆಟ್ರಾಯಿಟ್‌ನ ವೆಸ್ಟ್ ಗ್ರ್ಯಾಂಡ್ ಬೂಲೆವಾರ್ಡ್‌ನಲ್ಲಿ 2648ನೇ ನಂಬರಿನ ಮನೆಯೊಂದನ್ನು ಬೆರ್ರಿ ಗಾರ್ಡಿ 1959ರಲ್ಲಿ ಕೊಂಡರು. ಮೋಟೌನ್ ಹಾಡುಗಳು ಜಗತ್ತಿಗೆ ಹೊರಟಿದ್ದು ಆ ಮನೆಯಿಂದ. ಕಂಪನಿ 1972ರಲ್ಲಿ ಲಾಸ್ ಏಂಜಲೀಸಿಗೆ ಹೋಯಿತು, ಮನೆ ಈಗ ಮ್ಯೂಸಿಯಂ. ಅಲ್ಲಿ ರಾಬರ್ಟ್ ವೈಟ್, ಎಡ್ಡಿ ವಿಲ್ಲಿಸ್, ಜೋ ಮೆಸ್ಸೀನಾ ಮುಂತಾದವರ ಗಿಟಾರಿನ ತಂತಿಯನ್ನು ನೇರವಾಗಿ ಮುದ್ರಣದ ಕನ್ಸೋಲಿಗೇ ಕೊಡುತ್ತಿದ್ದರು. ಇಂದು ಒಂದು ಸಣ್ಣ ಇಂಟರ್‌ಫೇಸ್ ಪೆಟ್ಟಿಗೆ, ಆಂಪ್ಲಿಫೈಯರನ್ನು ಅನುಕರಿಸುವ ಸಾಫ್ಟ್‌ವೇರು ಇದ್ದರೆ ಯಾರೂ ಹಾಗೆ ಮಾಡಬಹುದು. ಅಪಾರ್ಟ್‌ಮೆಂಟಿನವರಿಗೆ ಅದೇ ಕ್ಷೇಮ. ಆದರೆ ನಮ್ಮ ಒಲವು ಸ್ಪೀಕರಿನ ಕಡೆಗೇ. ಗಾಳಿಯನ್ನು ನೂಕಿಕೊಂಡು ಬಂದ ಸದ್ದಿಗೆ ಮೈ ತುಂಬಿರುತ್ತದೆ.

ಅದಕ್ಕೆ ಒಂದೇ ಮೈಕು ಸಾಕು. 1925ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಶೂರ್ ಕಂಪನಿಯ ಎಸ್‌ಎಂ57 ಎಂಬುದು 1965ರಿಂದ ಇದೆ. ಸ್ಟುಡಿಯೋದವರು ಗಿಟಾರ್ ಆಂಪ್ಲಿಫೈಯರಿಗೆ ಇಂದಿಗೂ ಅದನ್ನೇ ಹಿಡಿಯುತ್ತಾರೆ. ಮೊದಲು ಟಾರ್ಚ್ ಬಿಟ್ಟು ಬಟ್ಟೆಯ ಹಿಂದೆ ಸ್ಪೀಕರ್ ಎಲ್ಲಿದೆಯೆಂದು ನೋಡಿಕೊಳ್ಳಿ. ಮೈಕನ್ನು ಬಟ್ಟೆಯಿಂದ ಒಂದೆರಡು ಅಂಗುಲ ದೂರದಲ್ಲಿಡಿ. ನಟ್ಟನಡುವಿಗೆ ಗುರಿಯಿಟ್ಟರೆ ಸದ್ದು ಕಿವಿ ಚುಚ್ಚುತ್ತದೆ, ಅಂಚಿಗೆ ಸರಿಸಿದರೆ ಮಂಕಾಗುತ್ತದೆ. ನಡುವಿನ ಗುಬುಟು ಮುಗಿದು ಕಾಗದದ ಕೋನ್ ಶುರುವಾಗುವ ಜಾಗದಿಂದ ಹುಡುಕಲು ತೊಡಗಿ. ಮಗು ಬಾರಿಸಲಿ, ಇನ್ನೊಬ್ಬರು ಹೆಡ್‌ಫೋನ್ ಹಾಕಿಕೊಂಡು ಅರ್ಧರ್ಧ ಅಂಗುಲ ಸರಿಸುತ್ತಾ ಕೇಳಲಿ. ಅಪ್ಪಂದಿರಿಗೆ ಹೇಳಿ ಮಾಡಿಸಿದ ಕೆಲಸ: ಕೂತಿರಬೇಕು, ಮಾತಾಡುವ ಹಾಗಿಲ್ಲ.

ಆಂಪ್ಲಿಫೈಯರನ್ನು ಸಿಮೆಂಟ್ ನೆಲದ ಮೇಲೆ ಇಡದೆ ಗಟ್ಟಿ ಕುರ್ಚಿಯ ಮೇಲಿಡಿ. ಮೂಲೆ ಬೇಡ, ಮಂದ್ರವೆಲ್ಲ ಗುಂಯ್‌ಗುಡುತ್ತದೆ. ಹಿಂದೆಮುಂದೆ ರಜಾಯಿಗಳನ್ನು ನೇತುಹಾಕಿದರೆ ಗೋಡೆಯ ಮಾರ್ದನಿ ತಗ್ಗುತ್ತದೆ. ಸಣ್ಣ ಆಂಪ್ಲಿಫೈಯರೇ ಮೇಲು. ಅರುವತ್ತು ಸೈಕಲ್ಲಿನ ಗುಂಯ್‌ಕಾರ ಬಂದರೆ ಡಿಮ್ಮರ್ ದೀಪ ಆರಿಸಿ, ಗಿಟಾರು ಹಿಡಿದವರು ಕುಳಿತಲ್ಲೇ ಸ್ವಲ್ಪ ತಿರುಗಿ ನೋಡಲಿ. ಫರ್ನೇಸಿನ ಫ್ಯಾನನ್ನೂ ನಿಲ್ಲಿಸಬೇಕು. ಜನವರಿಯಲ್ಲಾದರೆ ಮತ್ತೆ ಹಾಕಲು ಮರೆಯದಿರಿ. ಕಂಪ್ಯೂಟರಿನ ಮಾಪಕದಲ್ಲಿ ಅತಿ ಜೋರಿನ ಪೆಟ್ಟೂ ಮೈನಸ್ ಹತ್ತರ ಆಸುಪಾಸಿನಲ್ಲೇ ಇರಲಿ.

ಒಂದು ಎಚ್ಚರಿಕೆ. ಆಂಪ್ಲಿಫೈಯರಿನ ಸ್ಪೀಕರ್ ತಂತಿಯನ್ನು ನೇರವಾಗಿ ಇಂಟರ್‌ಫೇಸಿಗೆ ಚುಚ್ಚಬಾರದು, ಪೆಟ್ಟಿಗೆ ಸುಟ್ಟೀತು. ವಾಲ್ವಿನ ಆಂಪ್ಲಿಫೈಯರಾದರೆ ಸ್ಪೀಕರಿಲ್ಲದೆ ಚಾಲೂ ಮಾಡಲೇಬಾರದು, ಅದರ ಟ್ರಾನ್ಸ್‌ಫಾರ್ಮರ್ ಹೋದೀತು.

ಹಾಡನ್ನು ಆಮೇಲೆ ಬೇರೆಯಾಗಿಯೇ ಮುದ್ರಿಸಿ. ಸಭೆಯಲ್ಲಿ ಮುದ್ರಿಸಿದ ಎಷ್ಟೋ ಹಾಡುಗಳಲ್ಲಿ ಗಿಟಾರೆಲ್ಲ ಕೇಳಿಸಿ ಕವಿಯ ಮಾತೇ ಕೇಳಿಸುವುದಿಲ್ಲ. ಕನ್ನಡ ತಡವರಿಸುತ್ತಾ ಹಾಡಿದ ಮಗುವಿನ ಉಚ್ಚಾರ ಊರಿನ ಅಜ್ಜಿಗೆ ತಿಳಿಯಬೇಡವೇ? ಅಜ್ಜಿಗೆ ವಾಟ್ಸಾಪಿನಲ್ಲಿ ಹೋಗುವುದು ಪ್ರತಿ ಮಾತ್ರ. ಮೂಲ ಫೈಲನ್ನು, ಹಾಡಿನ ಹೆಸರು, ಮಗುವಿನ ಹೆಸರು, ತಾರೀಖು ಬರೆದು ಎರಡು ಕಡೆ ಇಡಿ.