ಕಂಬ ಹತ್ತಲು ಬಂದರೆ ಸಾಕೇ?

2024ರ ಅಕ್ಟೋಬರ್‌ನಲ್ಲಿ ಕೆಪಿಟಿಸಿಎಲ್ ತನಗೂ ಎಸ್ಕಾಂಗಳಿಗೂ ಬೇಕಾದ 2,975 ಕಿರಿಯ ಪವರ್‌ಮ್ಯಾನ್ ಮತ್ತು ಕಿರಿಯ ಸ್ಟೇಷನ್ ಪರಿಚಾರಕ ಹುದ್ದೆಗಳಿಗೆ ಅರ್ಜಿ ಕರೆಯಿತು. ಕೇಳಿದ ವಿದ್ಯಾರ್ಹತೆ ಎಸ್‌ಎಸ್‌ಎಲ್‌ಸಿ. ಆಯ್ಕೆಯೂ ಅದೇ ಅಂಕಗಳ ಮೇಲೆ. ಜೊತೆಗೆ 8 ಮೀಟರ್ ಕಂಬ ಹತ್ತಬೇಕು, ಓಡಬೇಕು, ಸ್ಕಿಪ್ಪಿಂಗ್ ಮಾಡಬೇಕು, ಗುಂಡು ಎಸೆಯಬೇಕು. ಎರಡು ವರ್ಷ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿತು ಪ್ರಮಾಣಪತ್ರ ಪಡೆದವರಿಗೂ ಫೇಸ್ ಯಾವುದು, ನ್ಯೂಟ್ರಲ್ ಯಾವುದು ಎಂದು ತಿಳಿಯದವರಿಗೂ ಅಲ್ಲಿ ಭೇದವೇ ಇರಲಿಲ್ಲ. ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಿಡಿಯಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ನಾವೇ ತರಬೇತಿ ಕೊಡುತ್ತೇವೆ ಎಂಬ ಉತ್ತರ ಬರಬಹುದು. ಹಾಗಿದ್ದರೆ ಐಟಿಐಗಳು ಏಕೆ? ಈ ಪ್ರಶ್ನೆಯನ್ನು ಸರ್ಕಾರ ತಪ್ಪಿಸಿಕೊಳ್ಳುವಂತಿಲ್ಲ. ತನ್ನದೇ ಶಾಲೆಯಲ್ಲಿ ತಯಾರಾದ ಕುಶಲಕರ್ಮಿಯನ್ನು ತನ್ನದೇ ವಿದ್ಯುತ್ ಕಂಪನಿ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಬಡಾವಣೆ ಕಟ್ಟುವ ಬಿಲ್ಡರ್ ಆ ಕಾಗದಕ್ಕೆ ಬೆಲೆ ಕೊಡುತ್ತಾನೆಯೇ?

ಹಣದ ಕೊರತೆ ಎನ್ನುವ ಮಾತು ಇಲ್ಲಿ ನಡೆಯದು. 2022ರ ಜೂನ್‌ನಲ್ಲಿ ರಾಜ್ಯದ 150 ಐಟಿಐಗಳನ್ನು 4,700 ಕೋಟಿ ರೂಪಾಯಿಗೂ ಹೆಚ್ಚಿನ ವೆಚ್ಚದಲ್ಲಿ ತಂತ್ರಜ್ಞಾನ ಕೇಂದ್ರಗಳನ್ನಾಗಿ ಬದಲಿಸಿ ಪ್ರಧಾನಿ ಲೋಕಾರ್ಪಣೆ ಮಾಡಿದರು. ದೇಶದ 1,000 ಐಟಿಐಗಳ ಉನ್ನತೀಕರಣಕ್ಕೆ 60,000 ಕೋಟಿ ರೂಪಾಯಿಯ ಯೋಜನೆಗೆ 2025ರ ಮೇ ತಿಂಗಳಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ರೋಬಾಟ್, ವಿದ್ಯುತ್ ವಾಹನ ಬರಲಿ, ಬೇಡ ಎನ್ನುವವರು ನಾವಲ್ಲ. ಆದರೆ ಬೋಧಕರ ಹುದ್ದೆ ಖಾಲಿ ಬಿಟ್ಟು ಅತಿಥಿ ಬೋಧಕರ ಮೇಲೆ ತರಗತಿ ನಡೆಸುವ ಕಡೆ ಹೊಸ ಯಂತ್ರ ಉದ್ಘಾಟನೆಯ ಫೋಟೊಗಷ್ಟೇ ಉಪಯೋಗಕ್ಕೆ ಬರುತ್ತದೆ. ಥಿಯರಿ ಪರೀಕ್ಷೆ ಕಂಪ್ಯೂಟರ್ ಮುಂದೆ ಕುಳಿತು ಸರಿ ಉತ್ತರಕ್ಕೆ ಗುರುತು ಹಾಕುವಷ್ಟಕ್ಕೆ ಇಳಿದಿರುವಾಗ ಪ್ರಾಯೋಗಿಕ ಪರೀಕ್ಷೆಯಾದರೂ ಬಿಗಿಯಾಗಿರಬೇಕಿತ್ತು. ಡಿಸ್ಟ್ರಿಬ್ಯೂಷನ್ ಬೋರ್ಡ್ ಕಟ್ಟುವುದು, ಸ್ಟಾರ್-ಡೆಲ್ಟಾ ಸ್ಟಾರ್ಟರ್ ಜೋಡಿಸುವುದು, ಸುಟ್ಟ ಮೋಟಾರ್ ವೈಂಡ್ ಮಾಡುವುದು ಮಾಡಿ ಮಾಡಿ ಬರುವ ವಿದ್ಯೆ. ಅದಕ್ಕೆ ತಂತಿ ಖರ್ಚಾಗಬೇಕು, ಕೈ ಸವೆಯಬೇಕು.

ಕೈ ಸವೆಯದಿದ್ದರೆ ಏನಾಗುತ್ತದೆ ಎಂಬುದನ್ನು ಮನೆಗಳ ಸ್ವಿಚ್ ಬೋರ್ಡ್ ಬಿಚ್ಚಿ ನೋಡಬಹುದು. ಅರ್ಥಿಂಗ್ ವೈರ್ ಎಳೆಯುವ ಖರ್ಚು ಉಳಿಸಲು ಸಾಕೆಟ್‌ನಲ್ಲೇ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ತಂತಿ ಕೊಟ್ಟುಬಿಡುವವರಿದ್ದಾರೆ. ನೋಡಲು ಎಲ್ಲವೂ ಸರಿ. ಗೀಸರ್ ಕಾಯುತ್ತದೆ, ಫ್ರಿಡ್ಜ್ ಓಡುತ್ತದೆ. ಎಂದೋ ಒಂದು ದಿನ ನ್ಯೂಟ್ರಲ್ ತುಂಡಾದರೆ ಗೀಸರಿನ ಮೈಗೆಲ್ಲ 230 ವೋಲ್ಟ್. ಎಂಸಿಬಿ ಇದೆಯಲ್ಲ ಎನ್ನುವವರಿಗೆ ಗೊತ್ತಿರಲಿ: 16 ಆಂಪಿಯರ್ ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಜೀವ ತೆಗೆಯಲು ಒಂದು ಆಂಪಿಯರ್‌ನ ಹತ್ತನೇ ಒಂದು ಪಾಲು ಸಾಕು. ಅಷ್ಟಕ್ಕೆ ಎಂಸಿಬಿ ಮಿಸುಕುವುದೂ ಇಲ್ಲ. 30 ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುವ ಆರ್‌ಸಿಸಿಬಿ ಇರುವುದು ಅದಕ್ಕಾಗಿ. ಅದು ಪದೇ ಪದೇ ಟ್ರಿಪ್ ಆದರೆ ಸೋರಿಕೆ ಎಲ್ಲಿ ಎಂದು ಹುಡುಕುವುದು ಎಲೆಕ್ಟ್ರಿಷಿಯನ್‌ನ ಕೆಲಸ. ಹುಡುಕಲು ಕಲಿಯದವನು ಅದನ್ನೇ ಬೈಪಾಸ್ ಮಾಡಿ, "ಇನ್ನೇನೂ ತೊಂದರೆ ಇಲ್ಲ ಸಾರ್" ಎಂದು ದುಡ್ಡು ಎಣಿಸಿಕೊಂಡು ಹೋಗುತ್ತಾನೆ. ದೇಶದಲ್ಲಿ ವಿದ್ಯುತ್ ಆಘಾತಕ್ಕೆ ವರ್ಷಕ್ಕೆ 12 ಸಾವಿರಕ್ಕೂ ಹೆಚ್ಚು ಜನ ಸಾಯುತ್ತಿದ್ದಾರೆ ಎನ್ನುತ್ತವೆ ಅಪರಾಧ ದಾಖಲೆಗಳ ಬ್ಯೂರೊ ಅಂಕಿಅಂಶಗಳು. ಹರಿದ ಲೈನು, ಹೊಲದ ಪಂಪ್‌ಸೆಟ್, ಕಬ್ಬಿಣದ ಬೇಲಿ ಎಲ್ಲವೂ ಅದರಲ್ಲಿವೆ, ನಿಜ. ಕೆಟ್ಟ ವೈರಿಂಗೂ ಇದೆ.

ಐಟಿಐ ಮೆಟ್ಟಿಲನ್ನೇ ಹತ್ತದೆ, ಮೇಸ್ತ್ರಿಯ ಹಿಂದೆ ಏಣಿ ಹೊತ್ತು ಕಲಿತ ನಿಪುಣರು ಪ್ರತಿ ಊರಲ್ಲೂ ಇದ್ದಾರೆ. ಅವರನ್ನು ಹೊರಗಿಡಿ ಎಂದು ನಾವು ಹೇಳುತ್ತಿಲ್ಲ. ಅವರ ಕೈಯನ್ನೂ ಪರೀಕ್ಷಿಸಿ, ವೈರ್‌ಮನ್ ಪರ್ಮಿಟ್ ಕೊಡಿ. ಆದರೆ ಎರಡು ವರ್ಷ ಕಲಿಸಿದೆವು ಎನ್ನುವ ಸಂಸ್ಥೆಯಿಂದ ಹೊರಬಂದವನಿಗೆ ಅರ್ಥ್ ರೆಸಿಸ್ಟೆನ್ಸ್ ಅಳೆಯಲು ಬರದಿದ್ದರೆ ಅದು ಆ ಹುಡುಗನ ತಪ್ಪಲ್ಲ. ಅವನ ಎರಡು ವರ್ಷವನ್ನು ವ್ಯವಸ್ಥೆ ಕದ್ದಿದೆ. ಕೂಲಿ ಮಾಡಿ ಓದಿಸಿದ ಮನೆಗಳ ಮಕ್ಕಳೇ ಹೆಚ್ಚಾಗಿರುವ ಟ್ರೇಡಿನಲ್ಲಿ ಇದು ಸಣ್ಣ ಅಪರಾಧವಲ್ಲ.

ಆದ್ದರಿಂದ ಮುಂದಿನ ಪವರ್‌ಮ್ಯಾನ್ ನೇಮಕಾತಿಯಲ್ಲಿ ಐಟಿಐ ಎಲೆಕ್ಟ್ರಿಷಿಯನ್ ಪ್ರಮಾಣಪತ್ರವನ್ನು ಅರ್ಹತೆಯಾಗಿ ಸೇರಿಸಬೇಕು. ಕಂಬದ ಜೊತೆಗೆ ಉಪಕರಣವನ್ನೂ ಅಭ್ಯರ್ಥಿಯ ಕೈಗೆ ಕೊಟ್ಟು ನೋಡಬೇಕು. ಪ್ರಾಯೋಗಿಕ ಪರೀಕ್ಷೆಯನ್ನು ಕಲಿಸಿದ ಸಂಸ್ಥೆಯ ಕೈಯಿಂದ ಪೂರ್ತಿ ಬಿಡಿಸಿ ವಿದ್ಯುತ್ ಪರಿವೀಕ್ಷಣಾಲಯದ ಎಂಜಿನಿಯರುಗಳಿಗೆ ಒಪ್ಪಿಸಬೇಕು. ವರ್ಕ್‌ಶಾಪ್ ಹೆಸರಿಗಷ್ಟೇ ಇರುವ ಐಟಿಐಗಳನ್ನು, ಅವು ಯಾರದ್ದೇ ಆಗಿರಲಿ, ಮುಚ್ಚಬೇಕು. ಖಾಲಿ ಬೋಧಕ ಹುದ್ದೆಗಳು ತುಂಬುವ ತನಕ ಹೊಸ ಕೇಂದ್ರದ ಉದ್ಘಾಟನೆ ಬೇಡ.

ಓದುಗರ ಪಾಲಿನದೂ ಒಂದು ಕೆಲಸವಿದೆ. ಮನೆಗೆ ವೈರಿಂಗ್ ಮಾಡಲು ಬಂದವರ ಪರ್ಮಿಟ್ ಕೇಳಿ. ಕೆಲಸ ಮುಗಿದ ಮೇಲೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ನೋಡಿ, ಅರ್ಥಿಂಗ್ ರೀಡಿಂಗ್ ಬರೆಸಿಕೊಂಡೇ ಹಣ ಕೊಡಿ.